ಇನ್ನೂ ಕೆಳಗಿಳಿಯದ ಚೆಂಡು

ಒಂದಾನೊಂದು ಬೇಸಿಗೆಯಲ್ಲಿ, ಬೆಟ್ಟದ ಮಗ್ಗುಲನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಅಂಗಳ ಮಾಡಿಕೊಂಡಿದ್ದ ಒಂದು ಊರಿನಲ್ಲಿ, ಒಬ್ಬ ಹುಡುಗಿ ಚೆಂಡನ್ನು ಹೊಡೆದಳು. ಚೆಂಡು ಮೇಲೆ ಹೋಯಿತು. ಹದ್ದು ಹಾರುವಷ್ಟು ಎತ್ತರ ಹೋಯಿತು, ಆಮೇಲೆ ಹದ್ದೇ ಕತ್ತೆತ್ತಿ ನೋಡುವಷ್ಟು ಎತ್ತರ ಹೋಯಿತು. ಇನ್ನೂ ಕೆಳಗೆ ಬಂದಿಲ್ಲ.

ನನ್ನ ಅಜ್ಜಿ ಚೌಡಮ್ಮ ಈ ಕಥೆಯನ್ನು ಯಾವತ್ತೂ ಹೀಗೇ ಶುರುಮಾಡುತ್ತಿದ್ದಳು. ಸಂಜೆ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಳು ಹಿಸುಕುತ್ತಾ, ಒಂದು ಕಾಳು ಚಿಮ್ಮಿದಾಗ ಅದರ ಹಿಂದೆಯೇ ಕಣ್ಣು ಕಳಿಸಿ, ಚೆಂಡು ಹೋದ ದಾರಿಯನ್ನು ತೋರಿಸುತ್ತಿದ್ದಳು. ಬೇರೆಯವರ ಅಜ್ಜಿಯರ ಕಥೆಗಳಲ್ಲಿ ರಾಜ ರಾಣಿಯರು ಕೊನೆಗೆ ಸುಖವಾಗಿರುತ್ತಿದ್ದರು. ನನ್ನಜ್ಜಿಯ ಕಥೆಗೆ ಕೊನೆಯೇ ಇರಲಿಲ್ಲ.

"ಆಮೇಲೆ?" ಎನ್ನುತ್ತಿದ್ದೆ ನಾನು.

"ಆಮೇಲೇನು, ಚೆಂಡು ಮೇಲೇ ಐತೆ. ಏಳು, ಕೈಕಾಲು ತೊಳ್ಕೊ."

ಹೊಡೆದ ಹುಡುಗಿ ಅಜ್ಜಿಯೇ. ಆ ಹೊತ್ತಿನಲ್ಲಿ ಗೋಣಿ ಹಾಸಿದ ಮೂರನೇ ಬೇಸಿನ ಮೇಲೆ ಒಂದು ಕಾಲೂರಿ, ಹೊಡೆಯುವವಳು ನಿಲ್ಲುವ ಮನೆಗಲ್ಲಿನ ಕಡೆ ಓಡಲು ಸಿದ್ಧಳಾಗಿ ನಿಂತಿದ್ದವಳು ಅಜ್ಜಿಯ ಅಕ್ಕ ದೇವೀರಿ. ಸಾಫ್ಟ್‌ಬಾಲ್ ಆಡಿದವರಿಗೆ ಗೊತ್ತು: ಹೊಡೆದ ಚೆಂಡು ಗಾಳಿಯಲ್ಲಿದ್ದಾಗ ಬೇಸಿನ ಮೇಲಿರುವವಳು ಕಾಲು ಕೀಳಬಾರದು. ಕೆಳಗೆ ನಿಂತವಳು ಅದನ್ನು ಹಿಡಿಯಬೇಕು, ಹಿಡಿದ ಮರುಗಳಿಗೆಯೇ ಇವಳು ಓಡಬೇಕು. ಮೊದಲೇ ಕಾಲು ಕಿತ್ತರೆ ಔಟು. ದೇವೀರಿ ಕಾಲು ಕೀಳಲಿಲ್ಲ. ಅವತ್ತಿನಿಂದ ಅಲ್ಲೇ ನಿಂತಿದ್ದಾಳೆ. ಹನ್ನೊಂದು ವರ್ಷದ ಹುಡುಗಿ, ಎರಡು ಜಡೆ, ಒಂದು ಮುಂಬಲ್ಲು ಚೂರು ಮುಕ್ಕಾಗಿದೆ.

ನಮ್ಮೂರಿನಲ್ಲಿ ಬೇಸಿನ ಮೇಲೆ ನಿಂತವರಿಗೆ ವಯಸ್ಸಾಗುವುದಿಲ್ಲ. ಅದು ಎಲ್ಲರಿಗೂ ತಿಳಿದ ಸಂಗತಿ, ಹುಣಸೆ ಹುಳಿ ಅನ್ನುವ ಹಾಗೆ. ಹಾಗಾಗಿಯೇ ಅಂಪೈರು ಆಟದ ನಡುವೆ "ಬೇಸ್ ಬಿಡ್ರೇ, ಬೆಳೀರೇ!" ಎಂದು ಕೂಗುತ್ತಿರುತ್ತಾರೆ. ನಾಳೆ ಗಂಡಿನ ಕಡೆಯವರು ಬರುತ್ತಾರೆ ಎಂದರೆ ಹುಡುಗಿಯರು ಒಂದು ಮಧ್ಯಾಹ್ನ ದೊಡ್ಡವರ ಅಂಗಳದ ಎರಡನೇ ಬೇಸಿನ ಮೇಲೆ ಕೂತು ಹೂ ಕಟ್ಟಿಕೊಂಡು ಬರುವುದುಂಟು. ಹಾಲಿನವನೊಬ್ಬ ತಲೆ ನರೆಯುವುದು ತಡವಾಗಲೆಂದು ದಿನವೂ ಅಲ್ಲಿನ ಮೊದಲನೇ ಬೇಸಿನ ಮೇಲೆ ನಿಂತು ಬೀಡಿ ಸೇದುತ್ತಿದ್ದ. ಅವನ ಹೆಂಡತಿ ಪೊರಕೆ ತಂದು ಇಳಿಸಿದಳು. "ನಾನೊಬ್ಳೇ ಮುದುಕಿ ಆಗ್ಬೇಕಾ?" ಎಂದಿದ್ದಳಂತೆ. ಇದೆಲ್ಲ ಗಳಿಗೆಯ ಲೆಕ್ಕದ ಕಳ್ಳತನ. ದೇವೀರಿಯ ಹಾಗೆ ಇಡೀ ಬಾಳನ್ನೇ ನಿಲ್ಲಿಸಿಕೊಂಡವರು ಬೇರೆ ಯಾರೂ ಇಲ್ಲ.

ಹೆಣ್ಣುಮಕ್ಕಳಿಗೆ ನಾಲ್ಕು ಅಂಗಳ. ಎಲ್ಲಕ್ಕೂ ಕೆಳಗಿನದು ಗೂಟದಂಗಳ. ಅಲ್ಲಿ ಚೆಂಡನ್ನು ಯಾರೂ ಎಸೆಯುವುದಿಲ್ಲ, ಗೂಟದ ತಲೆಯ ಮೇಲೆ ಕೂರಿಸಿಡುತ್ತಾರೆ, ಪುಟಾಣಿಗಳು ದಾಂಡು ಬೀಸಿ ಚೆಂಡಿನ ಬದಲು ಗೂಟವನ್ನೇ ಹೊಡೆದು ಅಳುತ್ತವೆ. ಅದರ ಮೇಲಿನದು ಹಲ್ಲಂಗಳ, ಹಾಲುಹಲ್ಲು ಬೀಳುವ ವಯಸ್ಸಿನವರದು. ಅದರ ಮೇಲೆ, ಹನ್ನೆರಡು ತುಂಬದವರ ನಡುವಂಗಳ. ತುದಿಯಲ್ಲಿ ಮೇಲಂಗಳ. ಒಂದೊಂದು ಮೆಟ್ಟಿಲು ಹತ್ತಿದಂತೆ ಚೆಂಡು ದಪ್ಪವಾಗುತ್ತದೆ, ಬೇಸುಗಳು ಒಂದರಿಂದೊಂದು ದೂರ ಸರಿಯುತ್ತವೆ, ಎಸೆಯುವವಳು ಇನ್ನಷ್ಟು ಹಿಂದಕ್ಕೆ ಹೋಗಿ ನಿಲ್ಲುತ್ತಾಳೆ. ಬೇವು ಮೊದಲ ಹೂ ಬಿಟ್ಟ ದಿನ ಯಾರಿಗೆಷ್ಟು ವಯಸ್ಸೋ, ಆ ವರ್ಷದ ಆಟಕ್ಕೆಲ್ಲ ಅವರಿಗೆ ಅಷ್ಟೇ ವಯಸ್ಸು. ಮಗಳನ್ನು ಇನ್ನೊಂದು ವರ್ಷ ಕೆಳಗೇ ಉಳಿಸಿ ಅಲ್ಲಿ ಎಲ್ಲರಿಗಿಂತ ಎತ್ತರದವಳಾಗಿ ಮೆರೆಸಬೇಕು ಎನ್ನುವ ತಾಯಂದಿರು, ಹೂ ಬೇಗ ಬಿಡಲಿ ಎಂದು ಬೇವಿನ ಬುಡಕ್ಕೆ ಕದ್ದು ಅಕ್ಕಿ ತೊಳೆದ ನೀರು ಹೊಯ್ಯುತ್ತಿದ್ದರು. ಮಗಳನ್ನು ಬೇಗ ಹತ್ತಿಸುವ ಆತುರದವರು ಮೊಗ್ಗು ಚಿವುಟುತ್ತಿದ್ದರು. ಪಾಪದ ಆ ಮರ ಯಾರ ಮಾತನ್ನೂ ಕೇಳದೆ ತನ್ನ ಮನಸ್ಸಿಗೆ ಬಂದಾಗ ಹೂ ಬಿಡುತ್ತಿತ್ತು.

ಎಲ್ಲರೂ ತಲೆಬಾಗುವ ಕಟ್ಟಳೆ ಒಂದೇ: ಹತ್ತಿದವಳು ಇಳಿಯಬಾರದು. ಒಂದು ಅಂಗಳ ದಾಟಿದ ಮೇಲೆ ಅದರ ಸುಣ್ಣದ ಗೆರೆಯೊಳಗೆ ಮತ್ತೆ ಕಾಲಿಡುವಂತಿಲ್ಲ. ದೊಡ್ಡವರು ಚಿಕ್ಕವರ ಅಂಗಳಕ್ಕೆ ನುಗ್ಗಿದರೆ ಚಿಕ್ಕವರಿಗೆ ಆಡುವ ಜಾಗವೇ ಉಳಿಯುವುದಿಲ್ಲವಲ್ಲ! ಒಳ್ಳೆಯ ಕಟ್ಟಳೆ ಅದು. ನಾನೂ ಅದನ್ನು ಮನಸಾರೆ ನಂಬಿದ್ದವಳೇ.

ನಾನು ನಡುವಂಗಳಕ್ಕೆ ಬಂದ ಮೊದಲ ದಿನ ದೇವೀರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನು ಚೌಡಿ ಮೊಮ್ಮಗಳಾ? ಅವಳ ಮೂಗೇ ಬಂದೈತೆ, ಪಾಪ" ಎಂದಳು.

"ನೀನು ನಂಗೆ ದೊಡ್ಡಜ್ಜಿ ಆಗ್ಬೇಕು" ಎಂದೆ ನಾನು, ಮನೆಯಲ್ಲಿ ಹೇಳಿಕೊಟ್ಟಿದ್ದಂತೆ.

"ಹೂಂ ಮತ್ತೆ. ದೊಡ್ಡಜ್ಜಿ ಮಾತು ಕೇಳ್ಬೇಕು. ಆ ಚಕ್ಕುಲೀಲಿ ಅರ್ಧ ಮುರಿ."

ಅವಳಿಗೆ ಹಸಿವಾಗುತ್ತಿರಲಿಲ್ಲ, ಆದರೆ ಚಕ್ಕುಲಿ ಬೇಕಾಗುತ್ತಿತ್ತು. ನಮ್ಮ ಆಟಕ್ಕೆ ಅವಳ ಪಕ್ಕದಲ್ಲೇ ಇನ್ನೊಂದು ಮೂರನೇ ಬೇಸ್ ಹಾಕಿಕೊಳ್ಳುತ್ತಿದ್ದೆವು. ಅವಳು ನಿಂತಲ್ಲಿಂದಲೇ ಎರಡೂ ತಂಡಗಳನ್ನು ಆಡಿಕೊಳ್ಳುತ್ತಿದ್ದಳು. "ಏ ಮಂಗ್ಳಿ, ದಾಂಡು ಹಿಡಿಯೋದಾ ಅದು, ಒನಕೆ ಹಿಡಿಯೋದಾ?" ನನ್ನ ಹೆಸರು ಮಂಗಳಗೌರಿ, ಮಂಗ್ಳಿ ಎಂದು ಮೊದಲು ಕರೆದದ್ದೂ ಅವಳೇ. ಮೇಷ್ಟರು ದಿನವೂ ಬಂದು ಗೆರೆಯ ಹೊರಗೆ ನಿಂತು ಅವಳಿಗೆ ಆರನೇ ಕ್ಲಾಸಿನ ಪಾಠ ಹೇಳುತ್ತಿದ್ದರು. ಸರ್ಕಾರ ಎಷ್ಟು ಸಲ ಪುಸ್ತಕ ಬದಲಿಸಿತೋ ಅಷ್ಟೂ ಪುಸ್ತಕ ಅವಳಿಗೆ ಬಾಯಿಪಾಠ. ಏಳನೇ ಕ್ಲಾಸಿನಲ್ಲಿ ಏನಿದೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಎರಡು ವರ್ಷ ಅವಳ ಪಕ್ಕದಲ್ಲಿ ಆಡಿದೆ. ನಾನು ಮೇಲಂಗಳಕ್ಕೆ ಹತ್ತುವ ದಿನ ಬಂತು. ಆ ದಿನ ಹತ್ತುವ ಹುಡುಗಿಯರೆಲ್ಲ ಸಾಲಾಗಿ ಬಂದು ದೇವೀರಿಯ ಜಡೆಗೆ ಹೊಸ ರಿಬ್ಬನ್ ಕಟ್ಟಿ, "ನಿನ್ನನ್ನ ಮನೆಗಲ್ಲಿಗೆ ಕರ್ಕೊಂಡೋಗ್ತೀನಿ ದೇವೀರಿ" ಎಂದು ಹೇಳಿ ಮೆಟ್ಟಿಲು ಹತ್ತುವುದು ವಾಡಿಕೆ. ಮದುವೆ ಮನೆಯಲ್ಲಿ ಊಟ ಮುಗಿಸಿದವರು "ಮತ್ತೆ ಬರ್ತೀವಿ" ಎನ್ನುವಂತೆ ಎಲ್ಲರೂ ಹೇಳುವ ಮಾತು. ದೇವೀರಿಯೂ "ಹೂಂ ಹೂಂ, ಮೆಟ್ಲು ನೋಡ್ಕೊಂಡು ಹತ್ತು" ಎನ್ನುತ್ತಿದ್ದಳು. ನಾನು ಕಥೆ ಕೇಳಿ ಬೆಳೆದವಳು. ಕಥೆಯಲ್ಲಿ ಮಾತು ಕೊಟ್ಟರೆ ಕೊಟ್ಟಂತೆಯೇ. ನಾನು ಆ ಮಾತನ್ನು ಹೇಳುವಾಗ ನನ್ನ ದನಿ ನಡುಗಿತು. ಅದಕ್ಕೇ ಇರಬೇಕು, ಅವಳು ಹೂಂಗುಟ್ಟಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, "ನಿಜ್ವಾಗ್ಲೂನಾ?" ಎಂದಳು.

"ನಿಜ್ವಾಗ್ಲೂ."

ಅದಾಗಿ ಮೇಲಂಗಳವೂ ಮುಗಿಯಿತು. ಹುಡುಗಿಯರಿಗೆ ಆಟ ಹೇಳಿಕೊಡುವ ಕೆಲಸ ನನ್ನದಾಯಿತು, ಗೆರೆಯ ಹೊರಗೆ ನಿಂತು. ದಿನವೂ ದೇವೀರಿಯನ್ನು ನೋಡುತ್ತಿದ್ದೆ, ಗೆರೆಯಾಚೆಯಿಂದ ಕೂಗಿ ಮಾತಾಡುತ್ತಿದ್ದೆ. ಅವಳು ಒಂದು ಸಲವೂ ನನ್ನ ಮಾತನ್ನು ನೆನಪಿಸಲಿಲ್ಲ. ಅದು ನನಗೆ ಇನ್ನಷ್ಟು ಕಷ್ಟವಾಗುತ್ತಿತ್ತು. ಊರಿನವರೇನೂ ಸುಮ್ಮನೆ ಕೂತಿರಲಿಲ್ಲ. ಪ್ರತಿ ವರ್ಷ ನಡುವಂಗಳದ ಅತ್ಯಂತ ಚುರುಕಿನ ಹುಡುಗಿಯನ್ನು ಆರಿಸಿ, ಕೈಗವಸು ತೊಡಿಸಿ, ಚೆಂಡು ಹೋದ ಜಾಗದ ನೇರಕ್ಕೆ ನಿಲ್ಲಿಸುತ್ತಿದ್ದರು. ನಾನೂ ಒಂದು ವರ್ಷ ನಿಂತಿದ್ದೆ. ಮೋಡ ಬಂತು, ಕೊಕ್ಕರೆ ಬಂತು, ಒಂದು ಗಾಳಿಪಟ ಬಂತು. ಚೆಂಡು ಬರಲಿಲ್ಲ.

ಈ ವರ್ಷ ಬೇವು ಹೂ ಬಿಟ್ಟ ದಿನ ಹಲ್ಲಂಗಳದಿಂದ ಹೊಸ ಹುಡುಗಿಯರು ಹತ್ತಿ ಬಂದರು. ಗಲಗಲ ಎನ್ನುತ್ತಾ ದೇವೀರಿಯನ್ನು ಸುತ್ತಿಕೊಂಡರು. ಯಾವತ್ತೂ ಅವಳು ಒಬ್ಬೊಬ್ಬರದೇ ಹೆಸರು ಕೇಳಿ, ಯಾರ ಮಗಳು ಯಾರ ಮೊಮ್ಮಗಳು ಎಂದು ವಿಚಾರಿಸಿ, ಒಂದು ಅಡ್ಡಹೆಸರು ಇಟ್ಟು ಬಿಡುತ್ತಿದ್ದಳು. ಈ ಸಲ ಸುಮ್ಮನೆ ನಕ್ಕಳು. ಒಬ್ಬ ಪುಟ್ಟಿ ತಾನೇ ಮುಂದೆ ಬಂದು "ನನ್ ಹೆಸ್ರು ಕೇಳಲ್ವಾ?" ಎಂದಳು. ದೇವೀರಿ, "ಹೋಗೇ, ನೀನೂ ಹತ್ತಿ ಹೋಗೋಳೇ ತಾನೆ" ಎಂದು ಮುಖ ತಿರುಗಿಸಿ ಆಕಾಶ ನೋಡತೊಡಗಿದಳು.

ಅವಳು ಸಾಯುವುದಿಲ್ಲ, ಮುದುಕಿಯಾಗುವುದಿಲ್ಲ, ಅದೆಲ್ಲ ಸರಿ. ಆದರೆ ಹೆಸರು ಕೇಳುವುದನ್ನೇ ಬಿಟ್ಟರೆ ಅವಳು ಹುಡುಗಿಯಾಗಿ ಉಳಿಯುವುದಿಲ್ಲ, ಅಂಗಳದ ಒಂದು ಕಂಬವಾಗುತ್ತಾಳೆ. ಅದು ಶುರುವಾಗಿದೆ ಎಂದು ಅನ್ನಿಸಿತು.

ಆ ಸಂಜೆ ಅಜ್ಜಿಯ ಮುಂದೆ ಕೂತು ನಾನೂ ಅವರೆಕಾಳು ಹಿಸುಕಿದೆ. "ಅಜ್ಜಿ, ಕಥೆ ಹೇಳು" ಎಂದೆ.

"ಕತ್ತೆ ವಯಸ್ಸಾಯ್ತು, ಇನ್ನೂ ಕತೆ ಬೇಕಾ ನಿಂಗೆ?" ಎಂದಳು, ಎಂದವಳೇ ಶುರುಮಾಡಿದಳು. ಒಂದಾನೊಂದು ಬೇಸಿಗೆಯಲ್ಲಿ. ಹದ್ದು ಬಂತು, ಹದ್ದು ಕತ್ತೆತ್ತಿತು. ಅಜ್ಜಿ ಬಾಯಿ ತೆರೆದು ಮೇಲೆ ನೋಡಿದಳು, ದೇವೀರಿ ಕಾಲೂರಿ ನಿಂತಳು. ನಾನು ಸಾವಿರ ಸಲ ನೋಡಿದ್ದ ಚಿತ್ರವನ್ನು ಕಣ್ಮುಚ್ಚಿ ಮತ್ತೆ ನೋಡಿದೆ. ಹೊಡೆದವಳಿದ್ದಾಳೆ. ಓಡುವವಳಿದ್ದಾಳೆ. ಆಕಾಶವಿದೆ. ಅಂಗಳದ ನಟ್ಟನಡುವೆ, ಚೆಂಡಿನ ಕೆಳಗೆ, ಏನೂ ಇಲ್ಲ. ಬರೀ ಹುಲ್ಲು.

"ಅಜ್ಜಿ, ಚೆಂಡಿನ ಕೆಳಗೆ ನಿಂತಿದ್ದೋಳು ಯಾರು?"

ಅಜ್ಜಿಯ ಬೆರಳು ನಿಂತಿತು. "ಯಾರೋ ಒಬ್ಳು. ಆ ಕಡೆ ತಂಡದೋಳು."

"ಹೆಸರಿಲ್ವಾ?"

"ಕತೇಲಿ ಎಲ್ಲರ ಹೆಸ್ರೂ ಹೇಳ್ತಾ ಕೂತ್ರೆ ಬೆಳಗಾಯ್ತದೆ."

"ಅಜ್ಜಿ."

ಅವಳು ಮೊರವನ್ನು ಒಮ್ಮೆ ಕೇರಿದಳು. ಸಿಪ್ಪೆ ಹಾರಿ ಹೋಯಿತು. "ಮಾಕಿ. ಗಿರಣಿ ಮಾಕಮ್ಮ. 'ನಂದು!' ಅಂತ ಕೂಗಿ ಕೈ ಎತ್ಕೊಂಡು ನಿಂತಿದ್ಲು. ಅವಳು ಹಿಡಿದ್ರೆ ನಾನು ಔಟು ಕಣಮ್ಮಿ. ಊರೆಲ್ಲ ನನ್ನ ಹೊಡೆತ ಮುಗಿಲಿಗೆ ಹೋಯ್ತು ಅಂತ ಹಾಡ್ತಾ ಇರೋವಾಗ, ಆ ಬೊಕ್ಕಬಾಯೋಳು ಹಿಡಿಯೋಕೆ ನಿಂತಿದ್ಲು ಅಂತ ನಾನ್ಯಾಕೆ ಹೇಳ್ಲಿ?"

ನಾನು ಎದ್ದು ನಿಂತುಬಿಟ್ಟೆ. ಮಡಿಲಿನ ಕಾಳೆಲ್ಲ ಚೆಲ್ಲಿತು. ನಮ್ಮೂರಿನಲ್ಲಿ ಮೇಲೆ ಹೋದ ಚೆಂಡನ್ನು ನೋಡಿ ಒಬ್ಬಳು "ನಂದು!" ಎಂದು ಕೂಗಿದರೆ ಉಳಿದವರೆಲ್ಲ ಹಿಂದೆ ಸರಿಯಬೇಕು. ಕೂಗಿದವಳು ತಾನಾಗಿ "ಬಿಟ್ಟೆ" ಎನ್ನುವವರೆಗೆ ಆ ಚೆಂಡು ಅವಳದೇ. ಇನ್ನೊಬ್ಬರು ಮುಟ್ಟಿದರೆ ಮರ್ಯಾದೆ ಇರುವುದಿಲ್ಲ. ಗೂಟದಂಗಳದಲ್ಲಿ ಮೊದಲು ಕಲಿಸುವ ಪಾಠವೇ ಅದು. ಹಾಗಿದ್ದ ಮೇಲೆ ಇಷ್ಟು ವರ್ಷ ನಾವೆಲ್ಲ ಕೈಗವಸು ತೊಟ್ಟು ಯಾರ ಚೆಂಡಿಗಾಗಿ ನಿಂತಿದ್ದೆವು? ಚೆಂಡು ಬರುವುದಾದರೂ ಹೇಗೆ? ಅದು ತನ್ನವಳನ್ನು ಕಾಯುತ್ತಿತ್ತು, ಮತ್ತು ಅವಳು ಹನ್ನೆರಡು ತುಂಬಿ, ಮೆಟ್ಟಿಲು ಹತ್ತಿ, ಹೊರಟುಹೋಗಿದ್ದಳು.

ಮಾಕಮ್ಮನ ಹಿಟ್ಟಿನ ಗಿರಣಿ ಸಂತೆ ಬೀದಿಯಲ್ಲಿತ್ತು. ರಾಗಿ ಹಿಟ್ಟಿನಲ್ಲಿ ಮಿಂದಂತೆ ಕೂತಿದ್ದ ಮುದುಕಿ, ಎಡಗಣ್ಣು ಪೂರ್ತಿ ಬೆಳ್ಳಗೆ, ಬಲಗಣ್ಣಿಗೂ ಮಂಜು ಇಳಿಯುತ್ತಿತ್ತು. ಯಂತ್ರದ ಸದ್ದಿಗೆ ನಾನು ಕಿರುಚಬೇಕಾಯಿತು.

"ಮಾಕಮ್ಮಾ, ನೀವು 'ನಂದು' ಅಂತ ಕೂಗಿದ್ರಂತೆ!"

"ಏನ್ ನಿಂದು? ಯಾವ ಡಬ್ಬ ನಿಂದು?"

"ಡಬ್ಬ ಅಲ್ಲ, ಚೆಂಡು! ನಡುವಂಗಳದ ಚೆಂಡು!"

ಅವಳು ಕೈ ಚಾಚಿ ಪಟ್ಟಿ ಎಳೆದು ಯಂತ್ರ ನಿಲ್ಲಿಸಿದಳು. ಹಿಟ್ಟಿನ ಧೂಳು ಮೆಲ್ಲಗೆ ಇಳಿಯಿತು. "ಕೂಗಿದ್ದೆ" ಎಂದಳು. "ಬಿಟ್ಟೆ ಅಂತ ಅಂದಿಲ್ಲ ನಾನು. ಒಂದಿನಾನೂ ಅಂದಿಲ್ಲ."

"ಮತ್ಯಾಕೆ ಹೋಗಿ ನಿಲ್ಲಲಿಲ್ಲ?"

"ಅಯ್ಯೋ ಹುಚ್ಚುಡುಗಿ, ಕತ್ತಲಾಯ್ತು ಮನೆಗೋಗ್ರೇ ಅಂದ್ರು, ಹೋದೆ. ಮಾರನೇ ದಿನ ನಿಂತೆ. ಆ ವರ್ಷವೆಲ್ಲ ನಿಂತೆ, ಚೆಂಡು ಇನ್ನೂ ಮೇಲಕ್ಕೇ ಹೋಗ್ತಿತ್ತು. ಆಮೇಲೆ ಹನ್ನೆರಡು ತುಂಬ್ತು, ಗೆರೆ ದಾಟಬೇಡ ಅಂದ್ರು. ಹತ್ತಿದೋಳು ಇಳೀಬಾರ್ದಲ್ಲ." ಅವಳು ಸೆರಗಿನಿಂದ ರೆಪ್ಪೆಯ ಹಿಟ್ಟು ಒರೆಸಿಕೊಂಡಳು. "ಈಗ್ಲೂ ಏನಾದ್ರೂ ಮೇಲಿಂದ ಬಿದ್ರೆ ನನ್ನ ಕೈ ತಾನಾಗೇ ಏಳ್ತದೆ. ಸೊಸೆ ನಗ್ತಾಳೆ. ಈ ಒಂದು ಕಣ್ಣೂ ಮುಂದಿನ ಬೇಸ್ಗೆವರ್ಗೂ ಇರಲ್ಲ ಅಂತ ಡಾಕ್ಟ್ರು ಹೇಳವ್ರೆ. ಕಣ್ಣು ಹೋದ್ಮೇಲೆ ಚೆಂಡು ಬಂದ್ರೆ ಏನ್ ಮಾಡ್ಲಿ ಅಂತ ಅದೊಂದೇ ಚಿಂತೆ."

ಅಂಪೈರ್ ತಿಮ್ಮಶೆಟ್ಟರ ಮನೆಗೆ ನಾನು ಓಡಿದೆ ಎಂದೇ ಹೇಳಬೇಕು. ತಲೆಯ ಮೇಲಿನ ನೀಲಿ ಟೋಪಿ ಅವರ ತಂದೆಯದು. ಆ ಪಂದ್ಯದ ಅಂಪೈರು ಅವರ ತಂದೆಯೇ. ನನ್ನ ಮಾತು ಮುಗಿಯುವ ಮೊದಲೇ ಅವರು ತಲೆಯಾಡಿಸಿದರು.

"ಆಗಲ್ಲಮ್ಮ. ಮಾಕಮ್ಮನಿಗೆ ಇವತ್ತು ಬಿಟ್ಟರೆ ನಾಳೆ ಹಾಲಿನವನೂ ಬರ್ತಾನೆ, ನಂದೂ ಒಂದು ಚೆಂಡು ಮೇಲೈತೆ ಅಂತಾನೆ. ಮಕ್ಕಳ ಅಂಗಳ ಮಕ್ಕಳದು. ಹನ್ನೆರಡು ತುಂಬಿದೋರು ಗೆರೆ ದಾಟೋ ಹಾಗಿಲ್ಲ."

"ವಯಸ್ಸು ಯಾವತ್ತು ಎಣಿಸ್ತೀರ ನೀವು?"

"ಅದೇನು ಕೇಳೋದು, ಬೇವು ಹೂ ಬಿಟ್ಟ ದಿನ."

"ನಡು ವರ್ಷದಲ್ಲಿ ಒಬ್ಬಳಿಗೆ ಹನ್ನೆರಡು ತುಂಬಿದ್ರೆ ಆಟದಿಂದ ಇಳಿಸ್ತೀರಾ?"

"ಎಲ್ಲಾದ್ರೂ ಉಂಟಾ? ಹೂವಿನ ದಿನ ಹನ್ನೊಂದಿದ್ರೆ ಆ ಆಟಕ್ಕೆ ಹನ್ನೊಂದೇ."

"ಆ ಆಟ ಮುಗಿದಿದೆಯಾ ಶೆಟ್ಟರೇ?"

ತಿಮ್ಮಶೆಟ್ಟರು ಟೋಪಿ ತೆಗೆದು ಅದರ ಒಳಗೆ ನೋಡಿದರು, ಅಪ್ಪ ಅಲ್ಲಿ ಕೂತು ಏನಾದರೂ ಹೇಳಬಹುದು ಎನ್ನುವಂತೆ. ಅವರ ಕಣ್ಣು ದೊಡ್ಡದಾಗುತ್ತಾ ಹೋಯಿತು. "ಮುಗಿದಿಲ್ಲ" ಎಂದರು ಮೆಲ್ಲಗೆ. "ಚೆಂಡು ಇನ್ನೂ ಆಟದಲ್ಲೇ ಐತೆ. ಹಂಗಾದ್ರೆ ಮಾಕಮ್ಮ..."

"ಹನ್ನೊಂದು."

"ನಿಮ್ಮಜ್ಜಿ?"

"ಹತ್ತು. ಅವಳು ದೇವೀರಿಗಿಂತ ಚಿಕ್ಕೋಳು."

"ಅಯ್ಯಪ್ಪಾ," ಎಂದರು ತಿಮ್ಮಶೆಟ್ಟರು, ಕುರ್ಚಿಗೆ ಒರಗಿ. "ಆ ಮುದುಕೀರೆಲ್ಲ ಮಕ್ಕಳು ಕಣಮ್ಮ!"

ಕೊನೆಗೆ ಉಳಿದವಳು ಅಜ್ಜಿ. ಅವಳಿಲ್ಲದೆ ಆಗುವಂತಿರಲಿಲ್ಲ, ಹೊಡೆದವಳು ಮೊದಲನೇ ಬೇಸಿನ ದಾರಿಯಲ್ಲಿ ಇರಲೇಬೇಕು. ನಾನು ಹೇಳಿದ್ದನ್ನೆಲ್ಲ ಅವಳು ಮೊರ ಬದಿಗಿಟ್ಟು ಕೇಳಿದಳು. ಸಂತೆಗೆ ಹೋದರೆ ಜನ ಇವತ್ತಿಗೂ ಪುಟ್ಟ ಮಕ್ಕಳಿಗೆ ಅವಳನ್ನು ತೋರಿಸುತ್ತಾರೆ: ನೋಡು, ಚೆಂಡನ್ನು ಮುಗಿಲಿಗೆ ಕಳಿಸಿದ ಚೌಡಮ್ಮ. ತರಕಾರಿಯವಳು ಅದಕ್ಕೇ ಒಂದು ಹಿಡಿ ಕೊತ್ತಂಬರಿ ಹೆಚ್ಚು ಹಾಕುತ್ತಾಳೆ.

"ಮಾಕಿ ಹಿಡಿದ್ರೆ ನಾನು ಬರೀ ಔಟಾದೋಳು" ಎಂದಳು.

"ಹೂಂ ಅಜ್ಜಿ."

"ಹಿಡೀದಿದ್ರೆ?"

"ಹಿಡೀದೆ ಕೆಳಗೆ ಬೀಳಿಸಿದ್ರೂ ದೇವೀರಿ ಓಡಬಹುದು. ಆದ್ರೆ ಮಾಕಮ್ಮ ಬೀಳಿಸೋಕೆ ಬರ್ತಿಲ್ಲ, ಹಿಡಿಯೋಕೇ ಬರ್ತಿರೋದು."

ಅಜ್ಜಿ ಎದ್ದು ಒಳಗೆ ಹೋದಳು. ಗೋಡೆಯ ಮೇಲೆ ಅವಳ ಅವ್ವನ ಪಟವಿತ್ತು. ಮಗಳು ಬೇಸಿನಿಂದ ಇಳಿದು ಬರಲಿ ಎಂದು ಗೆರೆಯ ಹೊರಗೆ ನಿಂತು ಅತ್ತು ಅತ್ತು, ಕೊನೆಗೆ ಊಟದ ಡಬ್ಬಿ ಕಳಿಸುವುದಕ್ಕಷ್ಟೇ ಸಮಾಧಾನ ಮಾಡಿಕೊಂಡ ಅವ್ವ. ಅಜ್ಜಿ ಪಟದ ಮುಂದೆ ನಿಂತು ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಹೊರಗೆ ಬಂದು, "ಸೀರೆ ಕಚ್ಚೆ ಹಾಕ್ಕೊಡು ನಡಿ. ಓಡ್ಬೇಕಲ್ಲ" ಎಂದಳು.

ನಡುಮಧ್ಯಾಹ್ನಕ್ಕೇ ಆಗಬೇಕು ಎಂದು ಮಾಕಮ್ಮ ಹೇಳಿ ಕಳಿಸಿದ್ದಳು. ಊರಿಗೆ ಊರೇ ಬಂದು ಸುಣ್ಣದ ಗೆರೆಯ ಸುತ್ತ ನಿಂತಿತು. ಈ ವರ್ಷದ ಪುಟ್ಟ ಹುಡುಗಿಯರು ಅಂಗಳ ಬಿಟ್ಟುಕೊಟ್ಟು ಗೆರೆಯ ಹೊರಗೆ ಕೂತರು. ಅವರ ಅಜ್ಜಿಯರು ಒಬ್ಬೊಬ್ಬರಾಗಿ ಗೆರೆಯವರೆಗೆ ಬಂದು, ಚಪ್ಪಲಿ ಬಿಟ್ಟು, ಒಂದು ಗಳಿಗೆ ತಡೆದು, ಒಳಗೆ ಕಾಲಿಟ್ಟರು. ಕೋಲೂರಿಕೊಂಡವರು, ಬೆನ್ನು ಬಾಗಿದವರು, ಎಲೆಅಡಿಕೆ ಬಾಯಲ್ಲಿಟ್ಟುಕೊಂಡವರು. ಯಾರಿಗೂ ದಾರಿ ತೋರಿಸಬೇಕಾಗಲಿಲ್ಲ. ತಾವು ಅವತ್ತು ನಿಂತಿದ್ದ ಜಾಗಕ್ಕೆ ನೇರವಾಗಿ ನಡೆದುಹೋಗಿ, ಪಾದದಿಂದ ಹುಲ್ಲನ್ನು ಒಮ್ಮೆ ಸವರಿ ನಿಂತರು. ಬಾರದೇ ಹೋದವರ ಜಾಗಗಳನ್ನು ಖಾಲಿ ಬಿಟ್ಟೆವು. ಗಾಳಿಯೂ ಅಲ್ಲಿ ಬಳಸಿಕೊಂಡು ಹೋದಂತೆ ಕಂಡಿತು. ಮನೆಗಲ್ಲಿನ ಹಿಂದೆ ನಿಲ್ಲಬೇಕಾದ ಬೋರಮ್ಮನಿಗೆ ಮಂಡಿ ಬಗ್ಗುತ್ತಿರಲಿಲ್ಲ. ಹಾಲು ಕರೆಯುವ ಮಣೆ ತರಿಸಿ ಅದರ ಮೇಲೆ ಕೂತು, ಕೈಗವಸನ್ನು ಗುದ್ದಿ, "ಹೂಂ, ಬರ್ಲಿ!" ಎಂದಳು.

ದೇವೀರಿ ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ಅಜ್ಜಿ ಅವಳ ಮುಂದೆ ಹಾದು ಮೊದಲನೇ ಬೇಸಿನ ದಾರಿಗೆ ಹೋಗುವಾಗ ನಿಂತಳು. ಎಷ್ಟೋ ವರ್ಷದಿಂದ ಗೆರೆಯಾಚೆಯಿಂದಲೇ ನೋಡಿದ್ದ ಅಕ್ಕನ ಕೆನ್ನೆಯನ್ನು ಮುಟ್ಟಿದಳು.

"ಚೌಡಿ, ನಿನ್ನ ಕೈ ಒರಟಾಗೈತೆ" ಎಂದಳು ದೇವೀರಿ.

"ಒರಟಾಗ್ದೆ? ನಿನ್ನ ಪಾಲಿನ ಪಾತ್ರೇನೂ ನಾನೇ ತೊಳ್ದಿದೀನಿ" ಎಂದಳು ಅಜ್ಜಿ.

ಮಾಕಮ್ಮ ಅಂಗಳದ ನಡುವೆ ಹೋಗಿ ನಿಂತಳು. ಎಲ್ಲರೂ ಕತ್ತೆತ್ತಿ ಆಕಾಶ ನೋಡಿದೆವು. ಅವಳು ಮಾತ್ರ ತಲೆ ತಗ್ಗಿಸಿ ಹುಲ್ಲನ್ನು ನೋಡುತ್ತಿದ್ದಳು. "ಮೇಲೆ ನೋಡಿ ಮಾಕಮ್ಮಾ!" ಎಂದು ನಾನು ಗೆರೆಯಾಚೆಯಿಂದ ಕೂಗಿದೆ.

"ಮೇಲೆ ನೋಡೋದು ಹೊಡೆದೋರ ಚಾಳಿ" ಎಂದಳು ಅವಳು, ತಲೆಯೆತ್ತದೆ. "ಬಿಸಿಲಲ್ಲಿ ಕಣ್ಣು ಕುರುಡಾಯ್ತದೆ. ನಾನು ಯಾವತ್ತೂ ನೆರಳು ನೋಡ್ಕೊಂಡೇ ಹಿಡಿದೋಳು." ಆಮೇಲೆ ಎರಡೂ ಕೈ ಎತ್ತಿದಳು. ಹಲ್ಲಿಲ್ಲದ ಬಾಯಿಂದ, ಗಿರಣಿಯ ಸದ್ದನ್ನು ಮೀರಿ ಕೂಗಿ ಪಳಗಿದ ಆ ಗಂಟಲಿನಿಂದ, ಬೆಟ್ಟ ಕೇಳುವ ಹಾಗೆ ಕೂಗಿದಳು.

"ನಂದು!"

ಬೆಟ್ಟ ಆ ಕೂಗನ್ನು ತಿರುಗಿ ಹೇಳಿತು. ಆಕಾಶದಿಂದ ಏನೂ ಬರಲಿಲ್ಲ. ಅಜ್ಜಿ ಒಂಟಿಯಾಗಿ ಅರ್ಧ ದಾರಿಯಲ್ಲಿ ನಿಂತು ಮೇಲೆ ನೋಡಿದಳು, ತನ್ನ ಬದುಕಿನಲ್ಲೇ ಅತ್ಯಂತ ಎತ್ತರಕ್ಕೆ ಹೋಗಿದ್ದ ಅದನ್ನು ಹುಡುಕುತ್ತಾ. "ಹಿಡಿಯೇ ಮಾಕಿ" ಎಂದಳು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. "ಹಿಡಿಯೇ! ಬಿಡಬ್ಯಾಡ, ನನ್ನಾಣೆ, ಹಿಡ್ಕೊಂಡು ಬಿಡು!"

ಆಗ ಹುಲ್ಲಿನ ಮೇಲೆ ಅದು ಕಂಡಿತು. ಸಾಸಿವೆ ಕಾಳಿನಷ್ಟು ಕಪ್ಪು. ನೋಡುತ್ತಿದ್ದಂತೆ ಕಡಲೆಯಷ್ಟಾಯಿತು. ಮೇಲೆ, ನೀಲಿಯ ಆಳದಲ್ಲಿ, ಬಿಳಿಯದೊಂದು ಬರುತ್ತಿತ್ತು. ಅವಸರವಿಲ್ಲದೆ, ದೂರದ ಊರಿನಿಂದ ನಡೆದು ಬರುವ ನೆಂಟರ ಹಾಗೆ. ಹದ್ದೊಂದು ದಾರಿ ಬಿಟ್ಟು ಸರಿಯಿತು. ಗಾಳಿಯಲ್ಲಿ ಒಂದು ಸಣ್ಣ ಸಿಳ್ಳೆ ಶುರುವಾಗಿ ದಪ್ಪಗಾಗುತ್ತಾ ಬಂತು. ಕೂತಿದ್ದ ಪುಟ್ಟ ಹುಡುಗಿಯರೆಲ್ಲ ತಾವಾಗಿ ಎದ್ದು ನಿಂತರು. ನೆರಳು ಈಗ ನಿಂಬೆಹಣ್ಣಿನಷ್ಟು, ಈಗ ಮೂಸಂಬಿಯಷ್ಟು. ಮಾಕಮ್ಮ ಅದರ ಮೇಲೆ ಒಂದು ಹೆಜ್ಜೆ ಎಡಕ್ಕೆ, ಇನ್ನೊಂದು ಹೆಜ್ಜೆ ಹಿಂದಕ್ಕೆ, ಪಾದ ಕದಲಿಸಿದಳು. ತನ್ನ ತಲೆಯ ನೆರಳೊಳಗೆ ಚೆಂಡಿನ ನೆರಳು ಹೊಕ್ಕಾಗ ಕಣ್ಣು ಮುಚ್ಚಿಕೊಂಡಳು.

ಥಪ್ಪೆಂದಿತು. ಅವಳ ಕೈಗವಸಿನಿಂದ ರಾಗಿ ಹಿಟ್ಟಿನ ಧೂಳು ಎದ್ದಿತು.

"ಓಡೇ!" ಎಂದು ನಾನು ಕಿರುಚಿದೆ. ಅಜ್ಜಿ ಕಿರುಚಿದಳು, ಊರು ಕಿರುಚಿತು. ದೇವೀರಿ ಆ ಥಪ್ಪಿನ ಜೊತೆಗೇ ಕಾಲು ಕಿತ್ತಿದ್ದಳು. ನಿಂತು ನಿಂತು ಅವಳ ಪಾದ ಬೇಸಿನ ಗೋಣಿಯಲ್ಲಿ ಅಚ್ಚು ಮೂಡಿಸಿತ್ತು. ಆ ಅಚ್ಚು ಬಾಯಿ ಬಿಟ್ಟುಕೊಂಡು ಹಿಂದೆ ಉಳಿಯಿತು. ಓಡುವುದು ಅವಳಿಗೆ ಮರೆತಿರಲಿಲ್ಲ. ಆದರೆ ಮಾಕಮ್ಮನಿಗೆ ಎಸೆಯುವುದೂ ಮರೆತಿರಲಿಲ್ಲ. ಆಟವೆಂದರೆ ಆಟ ಎನ್ನುವಂತೆ ಕಣ್ಣು ತೆರೆದು, ಹಲ್ಲಿಲ್ಲದ ವಸಡು ಕಚ್ಚಿ, ಮೂಟೆ ಎತ್ತಿ ಗಟ್ಟಿಯಾದ ತೋಳನ್ನು ಬೀಸಿ ಒಗೆದಳು. ಚೆಂಡು ನೆಲಕ್ಕೆ ತಾಕಿ, ಪುಟಿದು, ಬೋರಮ್ಮನ ಕಡೆ ನೇರವಾಗಿ ಹೋಯಿತು. "ಅಯ್ಯೋ ಪಾಪಿ ಮುಂಡೆ!" ಎಂದು ಯಾರೋ ಬೈದರು. ಮಣೆಯ ಮೇಲಿಂದಲೇ ಬಗ್ಗಿ ಬೋರಮ್ಮ ಅದನ್ನು ಹಿಡಿದಳು. ಮನೆಗಲ್ಲು ಮುಟ್ಟುವ ಮೊದಲು ಚೆಂಡಿನ ಕೈ ತಾಗಿದರೆ ದೇವೀರಿ ಔಟು. ದೇವೀರಿ ನೆಲಕ್ಕೆ ಬಿದ್ದಳು, ಜಾರಿದಳು, ಕೆಂಪು ಧೂಳು ಗೋಡೆಯ ಹಾಗೆ ಎದ್ದು ಇಬ್ಬರನ್ನೂ ಮುಚ್ಚಿತು.

ಧೂಳು ಇಳಿಯಿತು. ತಿಮ್ಮಶೆಟ್ಟರು ಮಂಡಿಯೂರಿ ನೆಲಕ್ಕೆ ಮುಖ ತಾಗುವಷ್ಟು ಬಗ್ಗಿ ನೋಡಿದರು. ಬೋರಮ್ಮನ ಕೈಗವಸು ದೇವೀರಿಯ ಬೆನ್ನಿನ ಮೇಲಿತ್ತು. ದೇವೀರಿಯ ಬೆರಳುಗಳು, ಐದಕ್ಕೆ ಐದೂ, ಅದಕ್ಕೂ ಮೊದಲೇ ಮನೆಗಲ್ಲಿನ ಮೇಲಿದ್ದವು.

ತಿಮ್ಮಶೆಟ್ಟರು ಎದ್ದರು. ಎರಡೂ ತೋಳುಗಳನ್ನು ಅಗಲವಾಗಿ ಚಾಚಿದರು. ಸೇಫ್, ಔಟಾಗಿಲ್ಲ ಎನ್ನುವ ಸನ್ನೆ ಅದು. ತೋಳುಗಳನ್ನು ಹಾಗೆಯೇ ಚಾಚಿಕೊಂಡು, ಟೋಪಿ ಕೆಳಗೆ ಬಿದ್ದರೂ ಗಮನವಿಲ್ಲದೆ ಅಳುತ್ತಾ ನಿಂತರು.

ಸುಣ್ಣದ ಗೆರೆಯನ್ನು ನಾನು ಯಾವಾಗ ದಾಟಿದೆನೋ ತಿಳಿಯದು. ದೇವೀರಿ ಎದ್ದು ಕೂತು ತನ್ನ ಮಂಡಿಯನ್ನೇ ನೋಡುತ್ತಿದ್ದಳು. ಚರ್ಮ ತರಚಿತ್ತು. ರಕ್ತದ ಒಂದು ಹನಿ ನಿಧಾನವಾಗಿ ದಪ್ಪಗಾಗಿ, ತನ್ನ ಭಾರಕ್ಕೆ ತಾನೇ ಜಾರಿ ಕಾಲಿನುದ್ದಕ್ಕೂ ಇಳಿಯಿತು. ಅವಳು ನನ್ನ ಕಡೆ ಮುಖವೆತ್ತಿದಳು. ಆ ಮುಖದಲ್ಲಿ ಇದ್ದಂಥ ಬೆರಗನ್ನು ನಾನು ಯಾವ ಕಥೆಯಲ್ಲೂ ಕೇಳಿರಲಿಲ್ಲ.

"ಉರೀತೈತೆ ಕಣೇ ಮಂಗ್ಳಿ," ಎಂದಳು ನಗುತ್ತಾ, "ಎಷ್ಟು ಉರೀತೈತೆ!"